ನಿಂತ ಡೋಲುಪಡೆ: ಹಳೆಯ ಛಾಯಾಚಿತ್ರದ ಗುರುತು ಮತ್ತು ಅಡಿಬರಹದ ಪ್ರಶ್ನೆ

೧

ಹಳೆಯ ಛಾಯಾಚಿತ್ರವೊಂದು ಕೈಗೆ ಬಂದಾಗ ನೋಡುವವರ ಕಣ್ಣು ಮೊದಲು ಹೋಗುವುದು ಅದರ ಅಡಿಬರಹದ ಕಡೆಗೆ. ಊರು, ಇಸವಿ, ಜನರ ಹೆಸರು ಅಲ್ಲಿ ಬರೆದಿದ್ದರೆ ಚಿತ್ರದ ಗುರುತು ಸಿಕ್ಕಿತೆಂಬ ಸಮಾಧಾನ ಮೂಡುತ್ತದೆ. ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿ ಪಳಗಿದವರು ಈ ಸಮಾಧಾನವನ್ನು ಅಷ್ಟು ಬೇಗ ಒಪ್ಪಲಾರರು. ತಾಳೆಗರಿಯ ಕೊನೆಯಲ್ಲಿ ಲಿಪಿಕಾರ ಸೇರಿಸಿದ ಮಾತು ಕವಿಯ ಮಾತಾಗುವುದಿಲ್ಲ. ಅದು ಪ್ರತಿಯ ಚರಿತ್ರೆಗೆ ಸಾಕ್ಷಿ, ಕೃತಿಯ ಚರಿತ್ರೆಗೆ ಕೇವಲ ಒಂದು ಹೇಳಿಕೆ. ಛಾಯಾಚಿತ್ರದ ಅಡಿಬರಹವೂ ಹೀಗೆಯೇ. ಚಿತ್ರ ತೆಗೆದವನು, ಅಚ್ಚು ಹಾಕಿದವನು, ಮಾರಿದವನು, ಸಂಗ್ರಹಿಸಿದವನು, ಪಟ್ಟಿ ಮಾಡಿದವನು ಎಂಬ ಹಲವು ಕೈಗಳನ್ನು ದಾಟಿ ಅದು ಓದುಗನಿಗೆ ತಲುಪಿರುತ್ತದೆ. ಪ್ರತಿಯೊಂದು ಕೈಗೂ ತನ್ನದೇ ಉದ್ದೇಶವಿತ್ತು, ತನ್ನದೇ ಮರೆವೂ ಇತ್ತು.

ಈ ಮಾತನ್ನು ಪರೀಕ್ಷಿಸಲು ಅಮೆರಿಕದ ಅಂತರ್ಯುದ್ಧದ ಡೋಲುಪಡೆಗಳ ಛಾಯಾಚಿತ್ರಗಳಷ್ಟು ಒದಗುವ ಸಾಮಗ್ರಿ ಕಡಿಮೆ. ಅವು ಬಹುಸಂಖ್ಯೆಯಲ್ಲಿ ಉಳಿದಿವೆ, ಮತ್ತೆ ಮತ್ತೆ ಅಚ್ಚಾಗಿವೆ, ಮತ್ತೆ ಮತ್ತೆ ಹೆಸರು ಪಡೆದಿವೆ. ಅವುಗಳಲ್ಲಿ ನಿಂತಿರುವವರಲ್ಲಿ ಅನೇಕರು ಎಳೆಯ ಹುಡುಗರು. ಚರಿತ್ರೆ ಹೆಸರು ಹಿಡಿದು ನೆನೆಯದವರು.

೨

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಒಂದು ಚಿತ್ರವನ್ನು ಮೊದಲು ನೋಡಬಹುದು. ವರ್ಜೀನಿಯಾದ ಬೀಲ್ಟನ್ ಎಂಬಲ್ಲಿ ೧೮೬೩ರ ಆಗಸ್ಟ್‌ನಲ್ಲಿ ತೆಗೆದ, ನ್ಯೂಯಾರ್ಕಿನ ೯೩ನೇ ಕಾಲಾಳು ರೆಜಿಮೆಂಟಿನ ಡೋಲುಪಡೆ ಎಂದು ಅದರ ವಿವರ ಹೇಳುತ್ತದೆ. ಚಿತ್ರ ತೆಗೆದವನು ಟಿಮೊಥಿ ಓಸಲಿವನ್. ಡೋಲು ಹೊತ್ತವರು ಸಾಲಾಗಿ ನಿಂತಿದ್ದಾರೆ. ಗೆಟ್ಟಿಸ್‌ಬರ್ಗ್ ಕದನ ಮುಗಿದು ಒಂದು ತಿಂಗಳು ಕಳೆದಿತ್ತು. ಸೈನ್ಯ ರ್‍ಯಾಪಹಾನಕ್ ನದಿಯ ಸುತ್ತಮುತ್ತ ಬೀಡುಬಿಟ್ಟಿತ್ತು. ೯೩ನೇ ರೆಜಿಮೆಂಟು ಆಗ ಪೊಟೋಮ್ಯಾಕ್ ಸೈನ್ಯದ ಕೇಂದ್ರ ಕಚೇರಿಯ ಕಾವಲಿಗಿತ್ತು. ಅದೇ ತಿಂಗಳು, ಅದೇ ಬೀಡಿನಲ್ಲಿ ಈ ರೆಜಿಮೆಂಟಿನ ಬೇರೆ ಗುಂಪುಗಳ ಚಿತ್ರಗಳೂ ತೆಗೆಯಲ್ಪಟ್ಟಿವೆ. ಛಾಯಾಗ್ರಾಹಕರು ಕೇಂದ್ರ ಕಚೇರಿಯ ಆಸುಪಾಸಿನಲ್ಲಿ ಸುಳಿದಾಡುತ್ತಿದ್ದುದರಿಂದ ಕಾವಲಿನ ರೆಜಿಮೆಂಟಿಗೆ ಈ ಅವಕಾಶ ಹೆಚ್ಚಾಗಿ ದಕ್ಕಿರಬೇಕೆಂದು ಊಹಿಸಬಹುದು.

ಇಲ್ಲಿ ಅಡಿಬರಹವನ್ನು ನಂಬಲು ಕಾರಣಗಳಿವೆ. ಒಂದೇ ಸರಣಿಯ ಚಿತ್ರಗಳು ಒಂದಕ್ಕೊಂದು ಸಾಕ್ಷಿ ನುಡಿಯುತ್ತವೆ. ಸೈನ್ಯದ ಚಲನವಲನದ ದಾಖಲೆ ಸ್ಥಳ ಕಾಲಗಳೊಡನೆ ಹೊಂದುತ್ತದೆ. ಆದರೂ ಇಂಥ ಚಿತ್ರಗಳು ಬಹುಕಾಲ ಜನರ ಬಾಯಲ್ಲಿ ಮ್ಯಾಥ್ಯೂ ಬ್ರೇಡಿಯ ಚಿತ್ರಗಳೆಂದೇ ಉಳಿದವು. ಬ್ರೇಡಿ ದೊಡ್ಡ ಸ್ಟುಡಿಯೋದ ಒಡೆಯ. ಅವನ ಕೆಳಗೆ ದುಡಿದವರು ತೆಗೆದುದು ಅವನ ಹೆಸರಿನಲ್ಲೇ ಹೊರಬರುತ್ತಿತ್ತು. ಅಲೆಕ್ಸಾಂಡರ್ ಗಾರ್ಡನರ್ ಅವನನ್ನು ಬಿಟ್ಟು ಬೇರೆ ಸ್ಟುಡಿಯೋ ತೆರೆದ ಮೇಲೆ ಓಸಲಿವನ್ ಅವನ ಜೊತೆ ಸೇರಿದ. ಯುದ್ಧ ಮುಗಿದ ಬಳಿಕ, ೧೮೬೬ರಲ್ಲಿ, ಗಾರ್ಡನರ್ ಪ್ರಕಟಿಸಿದ ಯುದ್ಧಚಿತ್ರಗಳ ಸಂಪುಟದಲ್ಲಿ ನೆಗೆಟಿವ್ ತೆಗೆದವನ ಹೆಸರನ್ನು ಪ್ರತ್ಯೇಕವಾಗಿ ನಮೂದಿಸಿದ. ಕರ್ತೃತ್ವದ ಈ ಎಚ್ಚರ ಆ ಕಾಲದಲ್ಲಿ ವಿರಳ. ೧೯೧೧ರಲ್ಲಿ ಫ್ರಾನ್ಸಿಸ್ ಟ್ರೆವೆಲ್ಯನ್ ಮಿಲ್ಲರ್ ಸಂಪಾದಿಸಿದ ಹತ್ತು ಸಂಪುಟಗಳ ಛಾಯಾಚಿತ್ರ ಚರಿತ್ರೆ ಯುದ್ಧದ ಸಾವಿರಾರು ಚಿತ್ರಗಳನ್ನು ಮನೆಮನೆಗೆ ತಲುಪಿಸಿತು. ಅದರ ವಿವರಣೆಗಳು ಕಥನದ ಬಣ್ಣ ತಳೆದವು. ಲೈಬ್ರರಿ ಆಫ್ ಕಾಂಗ್ರೆಸ್ ಗಾಜಿನ ನೆಗೆಟಿವ್‌ಗಳ ದೊಡ್ಡ ಸಂಗ್ರಹವನ್ನು ಕೊಂಡದ್ದು ೧೯೪೩ರಲ್ಲಿ, ಯುದ್ಧ ಮುಗಿದು ಎಂಟು ದಶಕ ಸಮೀಪಿಸಿದಾಗ. ಇಂದು ಓದುಗನ ಮುಂದಿರುವ ಅಡಿಬರಹ ಇಷ್ಟು ಪದರಗಳ ಮೇಲೆ ಕೂತಿದೆ.

೩

ಅಡಿಬರಹವನ್ನು ಬದಿಗಿಟ್ಟರೆ ಚಿತ್ರ ತಾನೇ ಏನನ್ನು ಹೇಳಬಲ್ಲದು? ಮೊದಲನೆಯದಾಗಿ, ಅದು ನಡೆಯುತ್ತಿರುವ ಡೋಲುಪಡೆಯದ್ದಾಗಿರಲಾರದು. ಆ ಕಾಲದ ಗಾಜಿನ ಫಲಕಕ್ಕೆ ಕಲೋಡಿಯನ್ ಸವರಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಫಲಕವನ್ನು ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ಕಾಲ ಬೆಳಕಿಗೆ ಒಡ್ಡಬೇಕಾಗುತ್ತಿತ್ತು. ಹೆಜ್ಜೆ ಹಾಕುವ ಕಾಲು, ಚರ್ಮದ ಮೇಲೆ ಬೀಳುವ ಕೋಲು ಅದರಲ್ಲಿ ಮಂಜಾಗಿ ಕರಗಿಹೋಗುತ್ತವೆ. ೧೮೬೫ರ ಮೇ ೨೩ ಮತ್ತು ೨೪ರಂದು ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ನಡೆದ ಮಹಾ ಪಥಸಂಚಲನದ ಚಿತ್ರಗಳಲ್ಲಿ ಕಟ್ಟಡಗಳು ನಿಚ್ಚಳವಾಗಿವೆ, ಸಾಗುವ ಸಾಲುಗಳು ಮಸಕಾಗಿವೆ. ಆದ್ದರಿಂದ ಆ ಕಾಲದ ಚಿತ್ರವೊಂದರಲ್ಲಿ ಪ್ರತಿ ಕೋಲೂ ಸ್ಪಷ್ಟವಾಗಿದ್ದು ‘ಪಥಸಂಚಲನದಲ್ಲಿ ಸಾಗುತ್ತಿರುವ ಡೋಲುಪಡೆ’ ಎಂಬ ಅಡಿಬರಹವಿದ್ದರೆ, ಒಂದೋ ಅವರು ಚಿತ್ರಕ್ಕಾಗಿ ಉಸಿರು ಬಿಗಿಹಿಡಿದು ನಿಂತವರು, ಇಲ್ಲವೇ ಚಿತ್ರ ನಂತರದ ಕಾಲದ್ದು. ನಡಿಗೆ ಎಂದು ನೋಡುಗ ಭಾವಿಸುವುದು ನಿಲುವಿನ ಅಭಿನಯ.

ಎರಡನೆಯದು ಎಡಬಲದ ಪ್ರಶ್ನೆ. ಬಲ ಹೆಗಲಿನಿಂದ ಇಳಿದ ಪಟ್ಟಿಗೆ ತೂಗುಬಿಟ್ಟ ಸೈನ್ಯದ ಡೋಲು ವಾದಕನ ಎಡಗಾಲಿನ ಕಡೆಗೆ ಕೂರುತ್ತದೆ. ಫೈಫ್ ಎಂಬ ಚಿಕ್ಕ ಅಡ್ಡಕೊಳಲು ವಾದಕನ ಬಲಕ್ಕೆ ಚಾಚುತ್ತದೆ. ಇವು ತಿರುಗುಮುರುಗಾಗಿದ್ದರೆ ಚಿತ್ರವೇ ಕನ್ನಡಿಯ ಬಿಂಬದಂತೆ ಮಗುಚಿದೆ ಎಂದರ್ಥ. ಕಬ್ಬಿಣದ ತಗಡಿನ ಮೇಲಿನ ಟಿನ್‌ಟೈಪ್ ಚಿತ್ರಗಳಲ್ಲಿ ಇದು ಸಹಜ. ನೆಗೆಟಿವನ್ನು ತಿರುವಿಟ್ಟು ಅಚ್ಚು ಹಾಕಿದರೂ ಹೀಗಾಗುತ್ತದೆ. ಇದನ್ನು ಗಮನಿಸದೆ ‘ಎಡದಿಂದ ಬಲಕ್ಕೆ’ ಎಂದು ಹೆಸರುಗಳನ್ನು ಹೊಂದಿಸಿದರೆ ಪ್ರತಿಯೊಬ್ಬನಿಗೂ ಇನ್ನೊಬ್ಬನ ಹೆಸರು ಅಂಟುತ್ತದೆ.

ಮೂರನೆಯದು ಬಣ್ಣ. ಕಲೋಡಿಯನ್ ಫಲಕ ನೀಲಿಗೆ ಬೇಗ ಸ್ಪಂದಿಸುತ್ತದೆ, ಕೆಂಪು ಹಳದಿಗಳಿಗೆ ಬಹುಮಟ್ಟಿಗೆ ಕುರುಡು. ಒಕ್ಕೂಟದ ಸೈನ್ಯದ ವಾದ್ಯಗಾರರ ಅಂಗಿಯ ಎದೆಯ ಮೇಲಿನ ಪಟ್ಟಿಗಳು ಕಾಲಾಳಿಗೆ ತಿಳಿನೀಲಿ, ಫಿರಂಗಿದಳಕ್ಕೆ ಕೆಂಪು, ಕುದುರೆದಳಕ್ಕೆ ಹಳದಿ. ಬರಿಗಣ್ಣಿಗೆ ಹೊಳೆಯುವ ಹಳದಿ ಅಂಚು ಅಚ್ಚಿನಲ್ಲಿ ಕಪ್ಪಾಗಿ, ತಿಳಿನೀಲಿ ಅಂಚು ಬೆಳ್ಳಗೆ ಕಾಣುತ್ತದೆ. ಕಪ್ಪುಬಿಳುಪಿನ ಚಿತ್ರವನ್ನು ಇಂದಿನ ಕಣ್ಣಿನ ಅಭ್ಯಾಸದಿಂದ ಓದುವವರು ಎಡವುವುದು ಇಲ್ಲಿಯೇ.

ನಾಲ್ಕನೆಯದು ಸಂಖ್ಯೆ ಮತ್ತು ವಾದ್ಯ. ಕಾಲಾಳು ರೆಜಿಮೆಂಟಿನಲ್ಲಿ ಹತ್ತು ಕಂಪನಿ, ಕಂಪನಿಗೆ ಇಬ್ಬರು ವಾದ್ಯಗಾರರು. ಎಲ್ಲರನ್ನೂ ಕೂಡಿಸಿದರೆ ಸುಮಾರು ಇಪ್ಪತ್ತು ಮಂದಿಯ ಡೋಲುಪಡೆ. ಹಿತ್ತಾಳೆಯ ವಾದ್ಯಗಳ ಬ್ಯಾಂಡು ಇದಕ್ಕಿಂತ ಬೇರೆ. ಸ್ವಯಂಸೇವಕ ರೆಜಿಮೆಂಟುಗಳ ಬ್ಯಾಂಡುಗಳನ್ನು ೧೮೬೨ರ ಜುಲೈನ ಕಾಯಿದೆ ರದ್ದುಪಡಿಸಿ ಬ್ರಿಗೇಡಿಗೆ ಒಂದರಂತೆ ಉಳಿಸಿತು. ಹಾಗಾಗಿ ೧೮೬೪ರ ಇಸವಿ ಹೊತ್ತ ಹಿತ್ತಾಳೆ ಬ್ಯಾಂಡಿನ ಚಿತ್ರಕ್ಕೆ ಸ್ವಯಂಸೇವಕ ರೆಜಿಮೆಂಟೊಂದರ ಹೆಸರಿದ್ದರೆ ಅದನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗುತ್ತದೆ. ಬಾವುಟ ಕಾಣಿಸುತ್ತಿದ್ದರೆ ನಕ್ಷತ್ರಗಳ ಎಣಿಕೆಯೂ ಒದಗುತ್ತದೆ: ೧೮೬೧ರ ಜುಲೈ ೪ರಿಂದ ೩೪, ೧೮೬೩ರ ಜುಲೈ ೪ರಿಂದ ೩೫, ೧೮೬೫ರ ಜುಲೈ ೪ರಿಂದ ೩೬. ಹಳೆಯ ಬಾವುಟವನ್ನು ಜನ ಎಸೆಯುವುದಿಲ್ಲವಾದ್ದರಿಂದ, ಚಿತ್ರ ಸಾಮಾನ್ಯವಾಗಿ ಯಾವ ಕಾಲಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಈ ಎಣಿಕೆ ತಿಳಿಸುತ್ತದೆ.

ಈ ಸಾಕ್ಷ್ಯಗಳಲ್ಲಿ ಯಾವುದೂ ಹೆಸರನ್ನು ಕೊಡುವುದಿಲ್ಲ. ಇವು ಕೊಡುವುದು ಎಲ್ಲೆಗಳನ್ನು. ಇಂತಹ ಚಿತ್ರ ಹೀಗಿರಲಾರದು, ಈ ಕಾಲಕ್ಕೆ ಸೇರಲಾರದು ಎಂಬ ನಿಷೇಧದ ರೂಪದಲ್ಲಿಯೇ ಅವುಗಳ ಬಲವಿದೆ. ಗ್ರಂಥಸಂಪಾದಕ ಪಾಠಾಂತರವನ್ನು ತಳ್ಳಿಹಾಕುವಾಗ ಛಂದಸ್ಸನ್ನೂ ವ್ಯಾಕರಣವನ್ನೂ ಆಧಾರವಾಗಿ ಹಿಡಿಯುವಂತೆ, ಇಲ್ಲಿ ಡೋಲಿನ ಪಟ್ಟಿ, ಅಂಗಿಯ ಅಂಚು, ಬೆಳಕಿನ ಅವಧಿ ಆಧಾರವಾಗುತ್ತವೆ.

೪

ಹೆಸರಿನ ಮೋಹ ಈ ಎಲ್ಲೆಗಳನ್ನು ದಾಟಿದಾಗ ಆಗುವುದೇನು ಎಂಬುದಕ್ಕೆ ಮೂರು ಉದಾಹರಣೆಗಳನ್ನು ನೋಡಬಹುದು.

ಜಾನ್ ಕ್ಲೆಮ್ ಎಂಬ ಹುಡುಗನನ್ನು ಜನ ‘ಶೈಲೋ ಕದನದ ಡೋಲುಬಾಲಕ’ ಎಂದು ಕೊಂಡಾಡಿದರು. ಅವನ ಚಿತ್ರಗಳು ಆ ಖ್ಯಾತಿಯೊಡನೆ ಹರಡಿದವು. ಶೈಲೋ ಕದನ ನಡೆದದ್ದು ೧೮೬೨ರ ಏಪ್ರಿಲ್‌ನಲ್ಲಿ. ಅವನು ಸೇವೆ ಸಲ್ಲಿಸಿದ ಮಿಷಿಗನ್ನಿನ ೨೨ನೇ ರೆಜಿಮೆಂಟು ರಚನೆಯಾದದ್ದೇ ಆ ವರ್ಷದ ಆಗಸ್ಟ್‌ನಲ್ಲಿ. ಅವನ ನಿಜವಾದ ಕೀರ್ತಿ ೧೮೬೩ರ ಚಿಕಮಾಗ ಕದನದ್ದು. ಜನಪ್ರಿಯ ಗೀತೆಯೊಂದರ ಶೀರ್ಷಿಕೆ ಅವನ ಮುಖಕ್ಕೆ ಅಂಟಿಕೊಂಡಿತು. ಇಲ್ಲಿ ಹೆಸರು ಕೃತಿಯಿಂದ ಚಿತ್ರಕ್ಕೆ ಹರಿದಿದೆ, ಜೀವನದಿಂದಲ್ಲ.

ಎರಡನೆಯದು ಕರಿಯ ಹುಡುಗನೊಬ್ಬನದು. ಹರಕು ಬಟ್ಟೆಯಲ್ಲಿ ಒಂದು, ಡೋಲಿನೊಡನೆ ಸಮವಸ್ತ್ರದಲ್ಲಿ ಒಂದು ಎಂದು ಅವನ ಜೋಡಿ ಚಿತ್ರಗಳು ಪ್ರಸಿದ್ಧವಾಗಿವೆ. ದಾಸ್ಯದಿಂದ ಸೈನ್ಯಕ್ಕೆ ಎಂಬ ಪ್ರಚಾರದ ಕಥೆಯನ್ನು ಅವು ಎರಡೇ ನೋಟದಲ್ಲಿ ಹೇಳುತ್ತವೆ. ಒಂದು ಸಂಪ್ರದಾಯದಲ್ಲಿ ಅವನು ೭೮ನೇ ವರ್ಣೀಯ ರೆಜಿಮೆಂಟಿನ ಟೇಲರ್, ಇನ್ನೊಂದರಲ್ಲಿ ಜಾಕ್ಸನ್. ಕಥೆ ಹೇಳುವವರಿಗೆ ಅವನು ಮಾದರಿಯಾದರೆ ಸಾಕಿತ್ತು, ವ್ಯಕ್ತಿಯಾಗಬೇಕಿರಲಿಲ್ಲ. ಎರಡು ಹೆಸರುಗಳ ನಡುವಿನ ಈ ತೂಗಾಟವನ್ನು ಬರಿಯ ಪಟ್ಟಿಕಾರನ ತೊಡಕೆಂದು ಬದಿಗಿಡಲಾಗದು. ಅವನನ್ನು ನೋಡಿದ ದೃಷ್ಟಿಯ ಲಕ್ಷಣವೇ ಅದರಲ್ಲಿದೆ.

ಮೂರನೆಯದು ಹೆಚ್ಚು ಗಂಭೀರವಾದದ್ದು. ೧೮೬೪ರ ಸುಮಾರಿಗೆ ಫಿಲಡೆಲ್ಫಿಯಾದ ಸ್ಟುಡಿಯೋದಲ್ಲಿ ಒಕ್ಕೂಟದ ಸೈನ್ಯದ ಕರಿಯ ಸೈನಿಕರ ಗುಂಪುಚಿತ್ರವೊಂದನ್ನು ತೆಗೆಯಲಾಯಿತು. ಬಿಳಿಯ ಅಧಿಕಾರಿಯೊಬ್ಬನೂ ಅದರಲ್ಲಿದ್ದಾನೆ. ಅದನ್ನು ಆಧರಿಸಿ ಸೈನ್ಯಭರ್ತಿಗೆ ಕರೆಯುವ ವರ್ಣರಂಜಿತ ಶಿಲಾಮುದ್ರಣವೂ ಹೊರಟಿತು. ಆಧುನಿಕ ಕಾಲದಲ್ಲಿ ಯಾರೋ ಅಧಿಕಾರಿಯ ಭಾಗವನ್ನು ಕತ್ತರಿಸಿ, ‘ಒಂದನೇ ಲೂಯಿಸಿಯಾನ ನೇಟಿವ್ ಗಾರ್ಡ್, ೧೮೬೧’ ಎಂದು ಬರೆದು, ದಾಸ್ಯವನ್ನು ಉಳಿಸಲು ಹೋರಾಡಿದ ದಕ್ಷಿಣದ ಪಕ್ಷದ ಸೈನಿಕರು ಇವರೆಂದು ಹರಡಿದರು. ಆ ಹೆಸರಿನ ದಳ ನ್ಯೂ ಆರ್ಲಿಯನ್ಸ್‌ನಲ್ಲಿ ನಿಜವಾಗಿಯೂ ಇದ್ದುದರಿಂದ ಸುಳ್ಳಿಗೆ ಸತ್ಯದ ಬಣ್ಣ ಬಂತು. ಜೆರೋಮ್ ಹ್ಯಾಂಡ್ಲರ್ ಮತ್ತು ಮೈಕಲ್ ಟೂಯಿಟ್ ಮೂಲ ಚಿತ್ರ, ಶಿಲಾಮುದ್ರಣ, ತಿದ್ದಿದ ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ವಂಚನೆಯನ್ನು ಬಯಲಿಗೆಳೆದರು. ಅವರ ವಿಧಾನ ಪ್ರತಿಗಳ ವಂಶವೃಕ್ಷ ಕಟ್ಟುವ ಗ್ರಂಥಸಂಪಾದಕನ ವಿಧಾನವೇ. ಬಿಡುಗಡೆಗಾಗಿ ಬಂದೂಕು ಹಿಡಿದವರನ್ನು ಅಡಿಬರಹದ ಒಂದು ಸಾಲು ತಮ್ಮ ಸಂಕೋಲೆಯ ಕಾವಲುಗಾರರನ್ನಾಗಿ ಮಾಡಿತ್ತು. ಗುರುತಿಸುವ ಕೆಲಸ ಹವ್ಯಾಸಿಗಳ ಕಾಲಕ್ಷೇಪವಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಈ ವಿಧಾನಕ್ಕೂ ಮಿತಿಯಿದೆ. ಸುಳ್ಳು ಹೆಸರನ್ನು ಅದು ಕಿತ್ತುಹಾಕಿತು. ನಿಂತವರ ಹೆಸರುಗಳನ್ನು ಕೊಡಲಿಲ್ಲ. ವಿಮರ್ಶಕ ಇಲ್ಲಿ ನಿಲ್ಲಬೇಕಾಗುತ್ತದೆ. ಖಾಲಿ ಜಾಗವನ್ನು ಖಾಲಿಯೆಂದೇ ತೋರಿಸುವುದು ಅವರಿಗೆ ಸಲ್ಲಿಸಬಹುದಾದ ಕನಿಷ್ಠ ಗೌರವ.

೫

ಗಡಿಯಾಚೆಯ ಕನ್ನಡಿಗರಿಗೆ ಈ ಚರ್ಚೆ ದೂರದ್ದಲ್ಲ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ೧೯೫೩ರ ಅಕ್ಟೋಬರ್ ೧ರವರೆಗೆ ಮದ್ರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕಾಸರಗೋಡು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ೧೯೫೦ರಲ್ಲಿ ಆದವಾನಿಯ ಶಾಲೆಯೊಂದರ ಅಂಗಳದಲ್ಲಿ ಡೋಲು ಹೊತ್ತು ನಿಂತ ಮಕ್ಕಳ ಚಿತ್ರ ದೊರೆತಿತೆಂದು ಇಟ್ಟುಕೊಂಡರೆ, ಅದಕ್ಕೆ ‘ಕರ್ನೂಲು ಜಿಲ್ಲೆ, ಆಂಧ್ರ ಪ್ರದೇಶ’ ಎಂದು ಇಂದಿನ ವಿಳಾಸ ಬರೆಯುವ ಪಟ್ಟಿಕಾರ ದುರುದ್ದೇಶದವನೇನೂ ಅಲ್ಲ. ಹುಡುಕುವವರಿಗೆ ಸುಲಭವಾಗಲೆಂದು ಬರೆದಿರುತ್ತಾನೆ. ಆದರೆ ಆ ಮಕ್ಕಳು ನಿಂತ ಜಿಲ್ಲೆ ಬಳ್ಳಾರಿ. ಹಿನ್ನೆಲೆಯ ಗೋಡೆಯ ಮೇಲೆ ಕನ್ನಡ ಅಕ್ಷರವಿದ್ದರೆ ಮುಂದಿನ ಓದುಗ ಅದನ್ನು ಅಪವಾದವೆಂದು ತಿಳಿಯುತ್ತಾನೆ. ಆ ಕಾಲಕ್ಕೆ ಅದು ಅಂಗಳದ ಸಹಜ ಅಕ್ಷರವಾಗಿದ್ದಿರಬಹುದು.

ಪರಿಹಾರ ಕಷ್ಟದ್ದಲ್ಲ. ಅಡಿಬರಹವನ್ನು ಮೂರು ಸಾಲುಗಳಾಗಿ ಬೇರ್ಪಡಿಸಬಹುದು: ಚಿತ್ರದ ಹಿಂಬದಿಯಲ್ಲಿ ಯಾರ ಕೈಬರಹ ಏನು ಹೇಳುತ್ತದೆ, ಚಿತ್ರ ತಾನೇ ಏನು ತೋರಿಸುತ್ತದೆ, ಪಟ್ಟಿಕಾರ ಏನು ಊಹಿಸುತ್ತಾನೆ. ಅಂದಿನ ಆಡಳಿತದ ವಿಳಾಸವನ್ನು ಮೊದಲು, ಇಂದಿನದನ್ನು ನಂತರ ಕೊಡಬಹುದು. ಮನೆಯ ಹಿರಿಯರು ‘ಇವನು ನಮ್ಮ ದೊಡ್ಡಪ್ಪ’ ಎಂದು ಬೆರಳಿಟ್ಟು ತೋರಿಸಿದರೆ ಆ ಮಾತನ್ನು ಅವರ ಮಾತೆಂದೇ, ದಿನಾಂಕ ಸಹಿತ ದಾಖಲಿಸಬಹುದು. ಬೀಲ್ಟನ್ನಿನ ಹುಡುಗರತ್ತ ಬೆರಳಿಟ್ಟು ತೋರಿಸುವವರು ಈಗ ಯಾರೂ ಉಳಿದಿಲ್ಲ. ಆದವಾನಿಯಲ್ಲಿ, ಕಾಸರಗೋಡಿನಲ್ಲಿ ಇನ್ನೂ ಇದ್ದಾರೆ.