ಭೂಗೋಳದ ಬಂಡವಾಳ, ಆಳ್ವಿಕೆಯ ಲೆಕ್ಕ

ಕೆಲವು ನಾಡುಗಳು ಸಂಪನ್ನವಾಗಿಯೂ ಕೆಲವು ನಾಡುಗಳು ದರಿದ್ರವಾಗಿಯೂ ಇರಲು ಕಾರಣವೇನು? ಅಮೆರಿಕದ ವಿದ್ವಾಂಸ ಜೇರೆಡ್ ಡೈಮಂಡ್ 1997ರಲ್ಲಿ ಪ್ರಕಟಿಸಿದ ‘ಗನ್ಸ್, ಜರ್ಮ್ಸ್ ಅಂಡ್ ಸ್ಟೀಲ್’ ಎಂಬ ಬೃಹದ್ಗ್ರಂಥವು ಈ ಪ್ರಶ್ನೆಗೆ ಉತ್ತರ ಹುಡುಕುತ್ತದೆ. ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿಗೆ ಪಾತ್ರವಾದ ಈ ಕೃತಿಯ ಗುಣವನ್ನು ಮೊದಲು ಹೇಳಿ, ಕೊರತೆಯನ್ನು ಅನಂತರ ಎಣಿಸುವುದು ನ್ಯಾಯ.

1972ರಲ್ಲಿ ನ್ಯೂಗಿನಿ ದ್ವೀಪದ ರಾಜಕಾರಣಿ ಯಾಲಿ, ಬಿಳಿಯರ ಬಳಿ ಇಷ್ಟೊಂದು ಸರಕು ಸಾಮಗ್ರಿ ಇದ್ದು ತನ್ನ ಜನರ ಬಳಿ ಇಷ್ಟು ಕಡಿಮೆ ಏಕೆ ಎಂದು ಡೈಮಂಡ್ ಅವರನ್ನು ಕೇಳಿದ. ಆ ಪ್ರಶ್ನೆಯೇ ಗ್ರಂಥದ ಬೀಜ. ಬುದ್ಧಿಯಲ್ಲಾಗಲೀ ರಕ್ತದಲ್ಲಾಗಲೀ ಯಾವ ಜನಾಂಗವೂ ಮೇಲಲ್ಲ. ವ್ಯತ್ಯಾಸವಿರುವುದು ನೆಲದಲ್ಲಿ ಎಂಬುದು ಅವರ ಪ್ರತಿಪಾದನೆ. ಮಾನವರು ಪಳಗಿಸಿದ 14 ದೊಡ್ಡ ಪ್ರಾಣಿಗಳಲ್ಲಿ 13 ಯುರೋಪು-ಏಷ್ಯಾ ಭೂಭಾಗದವು. ದಕ್ಷಿಣ ಅಮೆರಿಕಕ್ಕೆ ದಕ್ಕಿದ್ದು ಲಾಮಾ ಒಂದೇ. ಧಾನ್ಯ ಮಿಕ್ಕಿದಲ್ಲಿ ಲಿಪಿ, ಲೋಹ, ರಾಜ್ಯಗಳು ಬೆಳೆದವು. ಪಶುಗಳೊಡನೆ ಬಾಳಿದ ಜನರು ಅವುಗಳಿಂದ ಬಂದ ರೋಗಗಳನ್ನು ತಾಳಿಕೊಳ್ಳುವ ಶಕ್ತಿ ಪಡೆದರು. ಜನಾಂಗದ ಗರ್ವವನ್ನು ಈ ಗ್ರಂಥವು ಬುಡಸಮೇತ ಕೀಳುತ್ತದೆ. ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾಗದು.

ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. 1532ರ ನವೆಂಬರಿನಲ್ಲಿ ಪೆರುವಿನ ಕಹಮಾರ್ಕದಲ್ಲಿ ಸ್ಪೇನಿನ ಪಿಜಾರೊ 168 ಜನರೊಡನೆ ಇಂಕಾ ಚಕ್ರವರ್ತಿ ಅಟಹುವಾಲ್ಪನನ್ನು ಸೆರೆಹಿಡಿದ ಪ್ರಸಂಗವನ್ನು ಡೈಮಂಡ್ ಸವಿಸ್ತಾರವಾಗಿ ವರ್ಣಿಸುತ್ತಾರೆ. ಕುದುರೆ, ಉಕ್ಕಿನ ಕತ್ತಿ, ಮುಂಚಿತವಾಗಿಯೇ ಹಬ್ಬಿದ್ದ ಸಿಡುಬು, ಇವು ಆ ಜಯವನ್ನು ವಿವರಿಸಬಲ್ಲವು. ಆದರೆ ಸೆರೆಯಾದ ಅರಸ ಒಂದು ಕೋಣೆ ತುಂಬುವಷ್ಟು ಚಿನ್ನವನ್ನು ಬಿಡುಗಡೆಯ ಹಣವಾಗಿ ತರಿಸಿಕೊಟ್ಟ ಮೇಲೂ ಪಿಜಾರೊ ಮಾತಿಗೆ ತಪ್ಪಿ 1533ರಲ್ಲಿ ಅವನನ್ನು ಕೊಲ್ಲಿಸಿದ. ಕುದುರೆಯನ್ನು ಕೊಟ್ಟದ್ದು ಭೂಗೋಳ ಸರಿ. ವಚನಭಂಗವನ್ನು ಕಲಿಸಿದ್ದು ಭೂಗೋಳವೇ? ವಿವರಣೆಯೆಂದರೆ ಸಮರ್ಥನೆಯಲ್ಲ ಎಂದು ಡೈಮಂಡ್ ಸ್ಪಷ್ಟವಾಗಿ ಹೇಳಿದ್ದಾರೆ, ನಿಜ. ಆದರೆ ಗೆದ್ದ ಮೇಲೆ ಗೆದ್ದವರು ಏನು ಮಾಡಿದರು ಎಂಬುದು ಅವರ ವಿವರಣೆಯೊಳಗೆ ಬರುವುದೇ ಇಲ್ಲ.

ಅದೇ ನಾಡಿನ ಮುಂದಿನ ಕಥೆ ಈ ಕೊರತೆಯನ್ನು ತೋರಿಸಿಕೊಡುತ್ತದೆ. ಇಂದಿನ ಬೊಲಿವಿಯಾದಲ್ಲಿರುವ ಪೊಟೋಸಿ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ವೈಸರಾಯ್ ಟೊಲೆಡೊ 1573ರಲ್ಲಿ ‘ಮಿತಾ’ ಎಂಬ ಬಿಟ್ಟಿ ದುಡಿಮೆಯ ಕಟ್ಟಳೆಯನ್ನು ಜಾರಿಗೆ ತಂದ. ಇಂಕಾ ಅರಸರ ಕಾಲದಲ್ಲಿದ್ದ ಸರದಿ ಸೇವೆಯ ಹೆಸರನ್ನೇ ಅದಕ್ಕಿಟ್ಟ. 200ಕ್ಕೂ ಹೆಚ್ಚು ಮೂಲನಿವಾಸಿ ಸಮುದಾಯಗಳು ತಮ್ಮ ವಯಸ್ಕ ಗಂಡಸರಲ್ಲಿ ಏಳನೆಯ ಒಂದು ಪಾಲನ್ನು ಪೊಟೋಸಿಯ ಬೆಳ್ಳಿಯ ಗಣಿಗೂ ಹುವಾಂಕಾವೆಲಿಕಾದ ಪಾದರಸದ ಗಣಿಗೂ ಕಳುಹಿಸಬೇಕಾಯಿತು. 1812ರವರೆಗೆ ಈ ಕಟ್ಟಳೆ ನಡೆಯಿತು.

ಈ ಕಟ್ಟಳೆ ಒಂದು ಗಡಿಯೊಳಗೆ ಮಾತ್ರ ಅನ್ವಯಿಸುತ್ತಿತ್ತು. ಅರ್ಥಶಾಸ್ತ್ರಜ್ಞೆ ಮೆಲಿಸಾ ಡೆಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಗಡಿಯ ಎರಡೂ ಬದಿಯ ಹತ್ತಿರದ ಹಳ್ಳಿಗಳನ್ನು ಹೋಲಿಸಿದರು. ಎತ್ತರ ಅದೇ, ಮಣ್ಣು ಅದೇ, ಜನರೂ ಅವರೇ. ಆದರೂ ಹಿಂದೆ ಮಿತಾಕ್ಕೆ ಒಳಪಟ್ಟಿದ್ದ ಬದಿಯಲ್ಲಿ ಕುಟುಂಬಗಳ ಅನುಭೋಗ ಸುಮಾರು ಶೇ. 25ರಷ್ಟು ಕಡಿಮೆಯಿದೆ, ಬೆಳವಣಿಗೆ ಕುಂಠಿತವಾದ ಮಕ್ಕಳ ಪ್ರಮಾಣವೂ ಅಲ್ಲಿ ಹೆಚ್ಚು. ಕಟ್ಟಳೆ ರದ್ದಾಗಿ ಎರಡು ಶತಮಾನ ಕಳೆದರೂ ಅದರ ಗುರುತು ಮಗುವಿನ ಮೈಮೇಲೆ ಉಳಿದಿದೆ. ಗಡಿಯಾಚೆ ಇದ್ದವರು ದಯಾಳು ಪ್ರಭುಗಳೆಂದಲ್ಲ. ಅಲ್ಲಿ ನೆಲೆಯೂರಿದ ಜಮೀನುದಾರರು ತಮ್ಮ ಲಾಭಕ್ಕಾಗಿ ರಸ್ತೆಗಳನ್ನು ಮಾಡಿಸಿಕೊಂಡರು. ಗಡಿಯೊಳಗೆ, ಗಣಿಗೆ ಆಳು ಕಡಿಮೆಯಾದೀತೆಂದು ಅಂಥವರು ಬೇರೂರಲು ಸರ್ಕಾರ ಬಿಡಲಿಲ್ಲ. ಅಲ್ಲಿಯ ಹಳ್ಳಿಗಳಿಗೆ ಇಂದಿಗೂ ರಸ್ತೆಯ ಸೌಕರ್ಯ ಕಡಿಮೆ.

ಇದನ್ನು ವ್ಯಾಪಾರದ ಮಾತಿನಲ್ಲಿ ಹೀಗೆ ಹೇಳಬಹುದು. ಡೈಮಂಡ್ ಪ್ರತಿಯೊಂದು ಖಂಡದ ಆರಂಭದ ಶಿಲ್ಕನ್ನು ಬಹು ಪ್ರಾಮಾಣಿಕವಾಗಿ ಬರೆದಿದ್ದಾರೆ. ಆದರೆ ಆರಂಭದ ಶಿಲ್ಕನ್ನಷ್ಟೇ ನೋಡಿ ವರ್ಷಾಂತ್ಯದ ಲಾಭನಷ್ಟವನ್ನು ಯಾವ ಲೆಕ್ಕಿಗನೂ ಹೇಳಲಾರ. ನಡುವೆ ದಿನವಹಿ ಪುಸ್ತಕವಿದೆ. ಅದರಲ್ಲಿ ಯಾರು ಯಾರಿಂದ ಏನು ಪಡೆದರು, ಬೆಲೆ ಕೊಟ್ಟರೋ ಇಲ್ಲವೋ ಎಂಬುದು ದಾಖಲಾಗಿದೆ. ಆ ಪುಸ್ತಕವನ್ನು ಮುಚ್ಚಿಟ್ಟರೆ ಸಾಲಗಾರನೂ ಸಾಹುಕಾರನೂ ಒಂದೇ ರೀತಿ ನಿರ್ದೋಷಿಗಳಾಗಿ ಕಾಣುತ್ತಾರೆ.

ವಸ್ತುವಿನ ಪೂರ್ಣ ಸ್ವರೂಪ ಒಂದೇ ಕಡೆಯಿಂದ ನೋಡಿದರೆ ತಿಳಿಯದು. ಆದುದರಿಂದ ಡೈಮಂಡ್ ಅವರ ಗ್ರಂಥವನ್ನು ತಿರಸ್ಕರಿಸಬೇಕಾಗಿಲ್ಲ. ಅದರ ಜೊತೆಗೆ ಪೊಟೋಸಿಯ ಲೆಕ್ಕವನ್ನೂ ಓದಬೇಕು. ನೆಲದಿಂದ ಬಂದ ಅಸಮಾನತೆಗೆ ಯಾರೂ ಹೊಣೆಗಾರರಲ್ಲ. ಕಟ್ಟಳೆಯಿಂದ ಬಂದ ಅಸಮಾನತೆಗೆ ಹೊಣೆಗಾರರಿದ್ದಾರೆ, ಮತ್ತು ಅದನ್ನು ತಿದ್ದಲು ಸಾಧ್ಯವಿದೆ.