ಜನತಾ ಜೀವವೈವಿಧ್ಯ ದಾಖಲಾತಿ: ಜನರ ಪಾಲೆಷ್ಟು?

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ 'ಜನತಾ ಜೀವವೈವಿಧ್ಯ ದಾಖಲಾತಿ' ಎಂಬ ಪುಸ್ತಕ ಇರಬೇಕು. ಅದನ್ನು ನೀವು ನೋಡಿದ್ದೀರಾ? ಊರಿನ ಗಿಡಮರ, ಮೀನು, ಬೆಳೆ ತಳಿ, ನಾಟಿ ಔಷಧಿಗಳ ತಿಳಿವಳಿಕೆಯನ್ನು ಊರಿನವರೂ ವಿಜ್ಞಾನಿಗಳೂ ಕೂಡಿ ದಾಖಲಿಸಬೇಕೆಂಬುದು ಇದರ ಆಶಯ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಈ ವಿಧಾನಕ್ಕೆ 2002ರ ಜೀವವೈವಿಧ್ಯ ಕಾಯಿದೆ ಹಾಗೂ 2004ರ ನಿಯಮಗಳು ಕಾನೂನಿನ ಬಲ ನೀಡಿದವು. ಸ್ಥಳೀಯರೊಂದಿಗೆ ಸಮಾಲೋಚಿಸಿ ದಾಖಲಾತಿ ಸಿದ್ಧಪಡಿಸುವುದೇ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮುಖ್ಯ ಕೆಲಸವೆಂದು ನಿಯಮ ಹೇಳಿತು.

ನಡೆದದ್ದೇನು? ವರ್ಷಗಟ್ಟಲೆ ಕೆಲಸ ಕುಂಟುತ್ತಾ ಸಾಗಿತು. 2019ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ವಿಧಿಸಿತು. 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕಿತ್ತು. 2016ರಲ್ಲಿ ದೇಶದಲ್ಲಿ 2 ಸಾವಿರವನ್ನೂ ಮುಟ್ಟದಿದ್ದ ದಾಖಲಾತಿಗಳ ಸಂಖ್ಯೆ 2020ರ ಜನವರಿಯ ವೇಳೆಗೆ 95 ಸಾವಿರ ದಾಟಿತು. ಆದರೆ ಒಂದು ಊರಿನ ಜೀವಿಗಳನ್ನು ಅರಿಯಲು ವರ್ಷದ ಎಲ್ಲ ಋತುಗಳೂ ಬೇಕು. ಆರು ತಿಂಗಳೊಳಗೆ ನಮೂನೆಗಳನ್ನು ತುಂಬಬಹುದು, ಊರನ್ನು ಅರಿಯಲಾಗದು.

ಮಲೆನಾಡಿನ ಹತ್ತುಮೀನನ್ನೇ ನೋಡಿ. ಮುಂಗಾರಿನ ಮೊದಲ ಮಳೆಗಳಿಗೆ ಮೊಟ್ಟೆಯಿಡಲು ಮೀನುಗಳು ಹೊಳೆಯಿಂದ ಹಳ್ಳ, ಗದ್ದೆಗಳತ್ತ ಹತ್ತುತ್ತವೆ. ಸ್ಥಳೀಯ ಹೆಸರು, ವೈಜ್ಞಾನಿಕ ಹೆಸರು, ಉಪಯೋಗ ಇಷ್ಟನ್ನು ಬರೆದರೆ ಕಾಲಂ ಭರ್ತಿಯಾಗುತ್ತದೆ. ಯಾವ ಮಳೆಗೆ ಮೀನು ಹತ್ತುತ್ತದೆ? ಯಾವ ಒಡ್ಡು ದಾರಿ ತಡೆಯುತ್ತದೆ? ಮೊಟ್ಟೆ ತುಂಬಿದ ಮೀನನ್ನು ಎಷ್ಟು ಹಿಡಿಯಬಹುದು? ಈ ಪ್ರಶ್ನೆಗಳು ಮೊದಲು ತೋಚುವುದು ಮೀನು ಹಿಡಿಯುವವರಿಗೇ. ಅವರಿಂದ ಹೆಸರುಗಳನ್ನಷ್ಟೇ ಪಡೆದರೆ ಅವರು ಮಾಹಿತಿದಾರರು, ಸಹಸಂಶೋಧಕರಲ್ಲ.

ಹಾಗೆಂದು ಜನರು ಹೇಳಿದ್ದೆಲ್ಲ ಸರಿ ಎಂದಲ್ಲ. ಒಂದೇ ಹೆಸರಿನಿಂದ ಎರಡು ಪ್ರಭೇದಗಳನ್ನು ಕರೆಯುವುದುಂಟು. ಗುರುತಿಸಲು ತಜ್ಞರು ಬೇಕೇ ಬೇಕು. ಆದರೆ ಏನನ್ನು ಅಧ್ಯಯನ ಮಾಡಬೇಕು, ದಾಖಲೆಯಲ್ಲಿ ಯಾವುದು ತಪ್ಪು, ಯಾವ ಔಷಧಿಯ ಗುಟ್ಟನ್ನು ಹೊರಗೆ ಹೇಳಬಾರದು ಎಂಬುದರಲ್ಲಿ ಊರಿನವರ ಮಾತು ನಡೆಯಬೇಕು. ನಾಳೆ ಊರಿಗೆ ಅಣೆಕಟ್ಟೆಯ ಪ್ರಸ್ತಾಪ ಬಂದಾಗ, ಕಂಪನಿಯೊಂದು ಔಷಧಿ ಗಿಡ ಕೇಳಿಕೊಂಡು ಬಂದಾಗ, ಸರಿಯಾದ ದಾಖಲಾತಿ ಊರಿಗೆ ಆಧಾರವಾಗಬಲ್ಲದು. ಅವಸರದಲ್ಲಿ ತುಂಬಿದ್ದು ಆಗಲಾರದು.

ಶಿಕ್ಷಕರೇ, ವಿದ್ಯಾರ್ಥಿಗಳೇ, ಆ ಪುಸ್ತಕವನ್ನು ಪಂಚಾಯಿತಿಯಲ್ಲಿ ಕೇಳಿ ನೋಡಿ. ಮೀನಿನ ಪುಟವನ್ನು ಮೀನು ಹಿಡಿಯುವವರಿಗೆ, ಗಿಡಮೂಲಿಕೆಯ ಪುಟವನ್ನು ನಾಟಿ ವೈದ್ಯರಿಗೆ ಓದಿ ಹೇಳಿ. ಅವರು ತಿದ್ದಿದ್ದನ್ನು ದಿನಾಂಕದೊಂದಿಗೆ ಬರೆದು ಸಮಿತಿಗೆ ಕೊಡಿ.