ನೀರುಹಕ್ಕಿಗಳ ಛಾಯಾಚಿತ್ರದಲ್ಲಿ ತಿದ್ದುಪಡಿಯ ಔಚಿತ್ಯ

ತೆಗೆದ ಚಿತ್ರವನ್ನು ಅನಂತರ ತಿದ್ದುವುದು ಗಣಕಯಂತ್ರದೊಡನೆ ಹುಟ್ಟಿದ ಚಾಳಿಯೆಂದು ಭಾವಿಸುವವರುಂಟು. ಇದು ಸರಿಯಲ್ಲ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932-2017) ಅವರ ತಲೆಮಾರಿನವರು ಕತ್ತಲಕೋಣೆಯಲ್ಲಿ ಅಚ್ಚಿನ ಒಂದೆಡೆಗೆ ಬೆಳಕನ್ನು ತಡೆದು, ಮತ್ತೊಂದೆಡೆಗೆ ಹೆಚ್ಚಾಗಿ ಬೀಳಿಸಿ ಮಾಡುತ್ತಿದ್ದುದೂ ತಿದ್ದುವಿಕೆಯೇ. ಆದುದರಿಂದ ತಿದ್ದಬಹುದೆ ಎಂಬುದಕ್ಕಿಂತ, ಎಲ್ಲಿಯವರೆಗೆ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯಿಂದ ಬೆಳ್ಳಕ್ಕಿಯೊಂದನ್ನು ಚಿತ್ರಿಸುವ ಸಂದರ್ಭವನ್ನು ನೋಡೋಣ. ಕಾವೇರಿಯ ಕಪ್ಪು ನೀರು ಚೌಕಟ್ಟನ್ನೆಲ್ಲ ತುಂಬಿರುತ್ತದೆ. ಹಕ್ಕಿ ಚಿಕ್ಕದು, ಅಚ್ಚಬಿಳುಪು. ಕ್ಯಾಮೆರಾ ಇಡೀ ದೃಶ್ಯದ ಸರಾಸರಿಯನ್ನು ಹಿಡಿದು ಬೆಳಕನ್ನು ಹೆಚ್ಚಿಸಿಬಿಡುವುದರಿಂದ ಗರಿಗಳು ಸುಟ್ಟಂತಾಗಿ ಬರಿಯ ಬಿಳಿ ತೇಪೆ ಉಳಿಯುತ್ತದೆ. ಅಲ್ಲಿ ದಾಖಲೆಯೇ ಇಲ್ಲದ ಮೇಲೆ ಯಾವ ತಿದ್ದುಪಡಿಯೂ ಗರಿಯನ್ನು ಮರಳಿ ತರಲಾರದು. ಬಲ್ಲವನು ಚಿತ್ರವನ್ನು ಕೊಂಚ ಮಬ್ಬಾಗಿಯೇ ತೆಗೆದು, ಸಂಸ್ಕರಿಸದ ಮೂಲ ಕಡತದಲ್ಲಿ ನೆರಳುಗಳನ್ನು ಅನಂತರ ಮೇಲೆತ್ತುತ್ತಾನೆ. ಕಣ್ಣು ಕಂಡದ್ದನ್ನು ಯಂತ್ರ ಕಾಣದೆ ಹೋದಾಗ ಮಾಡುವ ಈ ಪರಿಹಾರವನ್ನು ನಾವು ಆಕ್ಷೇಪಿಸುವುದಿಲ್ಲ.

ಹೆಜ್ಜಾರ್ಲೆಯ ವಿಷಯ ಬೇರೆ. ನಮ್ಮಲ್ಲಿ ಗೂಡುಕಟ್ಟುವ ಚುಕ್ಕೆಕೊಕ್ಕಿನ ಹೆಜ್ಜಾರ್ಲೆಯ ಮೈಬಣ್ಣ ಬೂದುಬಿಳುಪು. ಆ ಬೂದನ್ನು ಕೊಳೆಯೆಂದು ತಿಳಿದು ತೊಳೆದ ಚಿತ್ರಗಳನ್ನು ನಾವು ಎಷ್ಟೋ ಕಂಡಿದ್ದೇವೆ. ಹೀಗೆ ಬೆಳ್ಳಗಾದ ಹಕ್ಕಿಯನ್ನು ವಿದ್ಯಾರ್ಥಿಯು ಚಳಿಗಾಲದಲ್ಲಿ ಭಾರತಕ್ಕೆ ಬರುವ ಬಿಳಿ ಹೆಜ್ಜಾರ್ಲೆಯೆಂದು ಗುರುತಿಸಿದರೆ ತಪ್ಪು ಯಾರದು?

ಪ್ರತಿಬಿಂಬದ ಕೃತಕತೆ ಇನ್ನೂ ವಿನೋದಕರವಾದುದು. ಹಕ್ಕಿಯನ್ನೇ ತಲೆಕೆಳಗು ಮಾಡಿ ನೀರಿನಲ್ಲಿ ಅಂಟಿಸುವುದುಂಟು. ಆದರೆ ನಿಜವಾದ ಪ್ರತಿಬಿಂಬವು ಹಕ್ಕಿಯನ್ನು ಕೆಳಗಿನಿಂದ ಕಂಡಂತೆ, ಹೊಟ್ಟೆಯನ್ನೂ ರೆಕ್ಕೆಯ ಒಳಮೈಯನ್ನೂ ತೋರಿಸುತ್ತದೆ. ಸಾಮಾನ್ಯವಾಗಿ ಹಕ್ಕಿಗಿಂತ ತುಸು ಮಂಕಾಗಿಯೂ ಇರುತ್ತದೆ. ಬೆನ್ನನ್ನು ತೋರಿಸುವ ನೀರನ್ನು ನಾವಂತೂ ಕಂಡಿಲ್ಲ!

ಅಳಿಸುವಿಕೆಯು ಇವೆಲ್ಲಕ್ಕಿಂತ ಗಂಭೀರವಾದ ದೋಷವೆಂದು ನಮ್ಮ ಮತ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆಮರಗಳಲ್ಲಿಯೇ ಗೂಡುಕಟ್ಟುತ್ತವೆ. ಅಲ್ಲಿಯ ಚಿತ್ರದಿಂದ ಹೆಂಚಿನ ಮಾಡನ್ನೂ ವಿದ್ಯುತ್ ತಂತಿಯನ್ನೂ ತೆಗೆದುಹಾಕಿದರೆ ಚಿತ್ರ ಚೊಕ್ಕಟವಾದೀತು. ಆದರೆ ಆ ಊರಿನ ವೈಶಿಷ್ಟ್ಯವೇ ಮಾಯವಾಗುತ್ತದೆ. ಚಿತ್ರಕಾರನಿಗೆ ಇರುವ ಸ್ವಾತಂತ್ರ್ಯ ಛಾಯಾಗ್ರಾಹಕನಿಗೇಕಿಲ್ಲ ಎಂದು ಕೇಳಬಹುದು. ಚಿತ್ರಕಾರನ ಹಕ್ಕಿಯನ್ನು ಯಾರೂ ಸಾಕ್ಷ್ಯವಾಗಿ ಮುಂದಿಡುವುದಿಲ್ಲ. ಛಾಯಾಚಿತ್ರವನ್ನು ನಾವೆಲ್ಲ ತರಗತಿಯಲ್ಲಿ ಹಾಗೆಯೇ ಬಳಸುತ್ತೇವೆ.

ಛಾಯಾಗ್ರಹಣದ ಮೂರು ಪ್ರಮುಖ ಸಂಸ್ಥೆಗಳು 2014ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಪ್ಪಿದ ಸಮಾನ ವ್ಯಾಖ್ಯೆಯು ಅಂಚು ಕತ್ತರಿಸುವುದನ್ನು ಬಿಟ್ಟು ಬೇರಾವ ಸೇರಿಸುವಿಕೆಗೂ ಅಳಿಸುವಿಕೆಗೂ ಎಡೆಗೊಡುವುದಿಲ್ಲ. ಉಳಿದ ಹೊಂದಾಣಿಕೆಗಳು ಸಹಜವಾಗಿ ಕಾಣಬೇಕೆಂದು ಅದು ವಿಧಿಸುತ್ತದೆ. ಮೊದಲ ಮಾತು ಸ್ಪಷ್ಟ. ಎರಡನೆಯದು ನಮಗೆ ತೃಪ್ತಿಕರವಾಗಿ ತೋರದು. ಯಾರ ಕಣ್ಣಿಗೆ ಸಹಜ? ಬೂದು ಹೆಜ್ಜಾರ್ಲೆಯನ್ನು ಮರದ ಮೇಲೆ ಒಮ್ಮೆಯೂ ನೋಡದವನಿಗೆ ತೊಳೆದ ಬಿಳುಪೇ ಸಹಜವಾಗಿ ಕಂಡೀತು.